ಕಡಲ ಕೋಟೆಯಲ್ಲಿ ಗಂಗೆಪೂಜೆ

ನಾನು ಅಜ್ಜನಾದ ಸುದ್ದಿ ನನಗೆ ಸಿಕ್ಕಿದ್ದು ಆಳಂದದ ಪೇಟೆಯಲ್ಲಿ. ತೊಗರಿ ಚೀಲದ ಬಾಯಿ ಬಿಚ್ಚಿ ಸಾವಕಾರರ ಅಂಗೈಗೆ ಕಾಳು ಸುರಿಯುತ್ತಿದ್ದೆ. ಸೊಲ್ಲಾಪುರದಿಂದ ಬಂದ ದಲಾಲನೊಬ್ಬ ದೂರದಿಂದಲೇ ಕೈಯೆತ್ತಿ ಕೂಗಿದ: "ಸರಸಂಬಾದ ಕಾಕಾ, ನಿಮ್ಮ ಮಗಳು ಹಡದಾಳಂತ್ರಿ! ತಾಯಿ, ಕೂಸು ಇಬ್ಬರೂ ಆರಾಮ ಅದಾರಂತ!"

ಕಾಳು ಅಂಗೈ ತಪ್ಪಿ ನೆಲಕ್ಕೆ ಬಿತ್ತು. ನಾನು ನೋಡಲಿಲ್ಲ.

"ಏನು ಹಡದಾಳ?" ನನಗಿಂತ ಮೊದಲು ಸಾವಕಾರರು ಕೇಳಿದರು.

"ಹೆಣ್ಣು."

"ಹೋಗ್ಲಿ ಬಿಡ್ರಿ, ಮುಂದಿನ ಸಲ ಗಂಡಾಗ್ತದ."

"ಮುಂದಿನ ಸಲದ ಮಾತು ನಿಮ್ಮ ತಕ್ಕಡ್ಯಾಗ ಇಟ್ಕೋರಿ ಸಾವಕಾರ್ರ. ಈ ಸಲ ಬಂದಾಕಿ ನನಗ ಸಾಕು" ಎಂದೆ. ಎದುರಿನ ಅಂಗಡಿಯಿಂದ ಬೆಲ್ಲದ ಪೆಂಟೆ ತಂದು ಒಡೆದು ಹಮಾಲರಿಗೆ, ಬಂಡಿಯವರಿಗೆ, ಪರಿಚಯವೇ ಇಲ್ಲದ ಬೇರೆ ಊರಿನ ರೈತರಿಗೆ ಹಂಚಿದೆ. ಒಬ್ಬ ಹಮಾಲ ಎರಡನೆಯ ಸಲ ಕೈ ಚಾಚಿದ. "ಅವಳಿಜವಳಿ ಏನ್ರಿ ಕಾಕಾ?" ಎಂದು ಕೇಳಿ ತಾನೇ ನಕ್ಕ. ಅವನಿಗೂ ಕೊಟ್ಟೆ. ನಮ್ಮೂರು ಸರಸಂಬಾಕ್ಕೆ ಹೋಗುವಾಗ ಎತ್ತುಗಳ ಬಾಯಿಗೂ ಒಂದೊಂದು ಚೂರು ಹಾಕಿದೆ.

ನಾನು ಹೆಚ್ಚು ಕಲಿತವನಲ್ಲ. ಶಾಲೆಯಲ್ಲಿ ಸ್ವಲ್ಪ ಉರ್ದು, ಮಠದ ಕಟ್ಟೆಯ ಮೇಲೆ ಕನ್ನಡ ಅಕ್ಷರ, ಅಷ್ಟೆ. ಬರೆಯಲು ಕುಳಿತರೆ ಖುಷಿ ಮುಂದೆ ಓಡುತ್ತದೆ, ಮಾತು ಹಿಂದೆ ಉಳಿಯುತ್ತದೆ. ಆದರೂ ಆ ಚಳಿಗಾಲದ್ದನ್ನು ಬರೆದಿಡಬೇಕೆಂದು ಬಹಳ ದಿನದ ಆಸೆ.

ಮೊದಲ ಹೆರಿಗೆ ತವರಿನಲ್ಲಾಗಬೇಕು ಎನ್ನುವುದು ನಮ್ಮ ಕಡೆಯ ರೀತಿ. ಆದರೆ ಆ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಸೀಮೆಗೆ ಬಂದಿರಲಿಲ್ಲ. ಗಡಿಯ ಹಳ್ಳಿಗಳಲ್ಲಿ ಗದ್ದಲ, ಹೊತ್ತು ಮುಳುಗಿದರೆ ಬಂಡಿ ಕಟ್ಟುವವರಿಲ್ಲ. ಅಳಿಯ ಜೇವರ್ಗಿ ಕಡೆಯವನು. ಸೊಲ್ಲಾಪುರದ ಅಡತಿ ಅಂಗಡಿಯವರು ತೆಂಗಿನಕಾಯಿ ಖರೀದಿಗೆಂದು ಅವನನ್ನು ಕೊಂಕಣದ ಒಂದು ಬಂದರಿನಲ್ಲಿ ಇಟ್ಟಿದ್ದರು. ದಿನ ತುಂಬಿದ ಬಸುರಿಯನ್ನು ಇಂಥ ಗದ್ದಲದಲ್ಲಿ ಗಡಿ ದಾಟಿಸುವುದು ಬೇಡ ಎಂದು ಅವನು ಹೇಳಿ ಕಳಿಸಿದ. ಮಾತು ಸರಿಯಿತ್ತು. ನನ್ನ ಹೆಂಡತಿ ಅದನ್ನು ನುಂಗಿಕೊಂಡಳು, ಅರಗಿಸಿಕೊಳ್ಳಲಿಲ್ಲ.

ಎಳ್ಳ ಅಮಾವಾಸ್ಯೆ ಮುಗಿಸಿಕೊಂಡು ನಾವಿಬ್ಬರೇ ಹೊರಟೆವು. ಜೋಳ, ಜೋಳದ ಹಿಟ್ಟು, ಬಾಣಂತಿಗೆ ಅಳವಿ ಕಾಳು, ಅಂಟು, ಉತ್ತತ್ತಿ, ಕೊಬ್ಬರಿ, ಹಳೆಯ ಸೀರೆಗಳ ಮೆತ್ತನೆಯ ಕೌದಿ. ಗಂಟಿನ ಮೇಲೆ ಗಂಟು.

"ತೆಂಗಿನಕಾಯಿ ಊರಿಗೆ ಕೊಬ್ಬರಿ ಯಾಕ ಹೊರಸ್ತಿ?" ಎಂದು ಕೇಳಿದೆ.

"ಅಲ್ಲೀದು ಅಲ್ಲೀದು, ತವರುಮನೀದು ತವರುಮನೀದು. ಹೊರೂದಾಗಲಿಲ್ಲಂದ್ರ ಹೇಳ್ರಿ, ನಾನೇ ಹೊರ್ತೇನಿ."

ಬಂಡಿಯಲ್ಲಿ ಗಡಿ ದಾಟಿ, ಸೊಲ್ಲಾಪುರದಲ್ಲಿ ರೈಲು ಹತ್ತಿ, ಕೊನೆಗೆ ಘಟ್ಟ ಇಳಿಯುವ ಮೋಟಾರಿನಲ್ಲಿ ಹೊಟ್ಟೆ ಬಾಯಿಗೆ ಬಂದು, ಅಂತೂ ಬಂದರು ಮುಟ್ಟಿದೆವು. ಮನೆಗೆ ಹೋಗುವ ದಾರಿಯಲ್ಲೇ ಸಮುದ್ರ. ಅದರ ನಡುವೆ, ದಂಡೆಯಿಂದ ಸ್ವಲ್ಪ ದೂರದಲ್ಲಿ, ಕಪ್ಪು ಗೋಡೆಯೊಂದು ಉದ್ದಕ್ಕೆ ಮಲಗಿತ್ತು. ಮರಾಠಾ ರಾಜರ ಕಾಲದ ಕೋಟೆ, ಹಡಗಿನಲ್ಲಿ ಬರುವ ಶತ್ರುಗಳನ್ನು ತಡೆಯಲು ಕಟ್ಟಿದ್ದು ಎಂದು ಅಳಿಯ ಹೇಳಿದ. ನಾನು ತಲೆಯಾಡಿಸಿದೆನೇ ಹೊರತು ನಿಲ್ಲಲಿಲ್ಲ. ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೊಮ್ಮಗಳನ್ನು ನೋಡುವುದಿತ್ತು.

ನೋಡಿದೆ. ಅದನ್ನು ಹೇಗೆ ಬರೆಯಲಿ! ಹಾಲುದೆನೆ ಇರುತ್ತದಲ್ಲ, ಇನ್ನೂ ಕಾಳು ಗಟ್ಟಿಯಾಗದ ಜೋಳದ ತೆನೆ, ಅಂಥ ಬಣ್ಣದ ಮುಖ. ಹಣೆ ನನ್ನ ತಾಯಿಯದು. ಮೂಗು ಯಾರದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ.

ಹೆಂಡತಿ ಮಾತ್ರ ಕೂಸಿನ ಮುಖ ನೋಡಿ ಆದಮೇಲೆ ಮಗಳ ಮುಖ ನೋಡಿದಳು. ಮಗಳು ಬಾಡಿದ್ದಳು. ಎದೆಹಾಲು ಸಾಲುತ್ತಿರಲಿಲ್ಲ. ಕೂಸು ಸ್ವಲ್ಪ ಎಳೆದು, ಸಿಗದೆ, ಸಿಟ್ಟಿನಿಂದ ಅಳುತ್ತಿತ್ತು. ಹತ್ತಿಯ ಬತ್ತಿ ಅದ್ದಿ ಅದ್ದಿ ಆಕಳ ಹಾಲು ಕುಡಿಸುತ್ತಿದ್ದರು. ಅದೂ ಹೊಟ್ಟೆಗೆ ಹಿಡಿಯುತ್ತಿರಲಿಲ್ಲ. ಮಗಳು ಗೋಡೆಯ ಕಡೆ ಮುಖ ಮಾಡಿ, "ನನ್ನ ನಸೀಬ ಅಷ್ಟ ಯವ್ವಾ" ಎಂದಳು.

"ನಸೀಬ ಗಿಸೀಬ ಏನೂ ಇಲ್ಲ. ಗಂಗಿಪೂಜಿ ಮಾಡೀರೇನು?"

ಮಾಡಿರಲಿಲ್ಲ. ನಮ್ಮಲ್ಲಿ ತಿಂಗಳು ತುಂಬಿದ ಬಾಣಂತಿಯನ್ನು ಬಾವಿಗೆ ಕರೆದೊಯ್ದು, ಗಂಗವ್ವನಿಗೆ ಅರಿಸಿನ ಕುಂಕುಮ ಏರಿಸಿ, ಐದು ಮಂದಿ ಮುತ್ತೈದೆಯರಿಗೆ ಉಡಿ ತುಂಬಿ, ಅವಳ ಕೈಯಿಂದ ಮೊದಲ ಕೊಡ ನೀರು ಸೇದಿಸುತ್ತಾರೆ. ಅಲ್ಲಿಯವರೆಗೆ ಅವಳು ಕೊಡ ಮುಟ್ಟುವಂತಿಲ್ಲ. ಬಾವಿಯ ಒರತೆಯಂತೆ ಎದೆಯ ಒರತೆಯೂ ಬತ್ತದಿರಲಿ ಎಂಬುದು ಅದರ ಅರ್ಥ. ಅಳಿಯನ ಹಿತ್ತಲಲ್ಲಿ ಬಾವಿಯೇನೋ ಇತ್ತು. ಹೆಂಡತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು. ಸವಳು ನೀರು. ಕುಡಿಯುವ ನೀರನ್ನು ಊರಾಚೆಯ ಕೆರೆಯಿಂದ ಹೊತ್ತು ತರುತ್ತಿದ್ದರು. ಬೇಸಿಗೆಗೆ ಅದು ಒಣಗುತ್ತದಂತೆ.

"ಸವಳಿಗೆ ಕೈಮುಗದು ಹಾಲು ಬೇಡ್ಲೇನು? ಒಣಗೂ ಕೆರಿಗೆ ಬೇಡ್ಲೇನು?" ಎಂದಳು.

ಆ ಕಾಲದಲ್ಲಿ ಅತ್ತೆ ಅಳಿಯನ ಎದುರು ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಅಳಿಯ ಮಾರು ದೂರದಲ್ಲಿ ನಿಂತಿದ್ದರೂ ಅವಳು ಸೆರಗು ಎಳೆದುಕೊಂಡು, ನನ್ನ ಕಡೆ ತಿರುಗಿ, "ಅಳಿಯಂದ್ರಿಗೆ ಹೇಳ್ರಿ, ಸಿಹಿನೀರಿನ ಬಾವಿ ಹುಡಕ್ರಿ ಅಂತ" ಎನ್ನುವಳು. ಅಳಿಯ ನನಗೆ, "ಮಾವಾರ, ಹಿತ್ತಲ ಬಾವೀಗೇ ಮಾಡಿದ್ರ ನಡ್ಯಾಂಗಿಲ್ಲೇನ್ರಿ?" ಎನ್ನುವನು. ನಾನು ನಡುವೆ ಸುಮ್ಮನೆ ಕುಳಿತರೂ ಸಂಭಾಷಣೆ ನಡೆಯುತ್ತಿತ್ತು.

ದಾರಿ ತೋರಿಸಿದವಳು ಪಕ್ಕದ ಮನೆಯ ಮೀನುಗಾರ್ತಿ. ನಾವು ಲಿಂಗ ಕಟ್ಟಿದವರೆಂದು ತಿಳಿದು, ಮೀನಿನ ಬುಟ್ಟಿಯನ್ನು ತೆಂಗಿನ ಮರದಾಚೆ ಇಳಿಸಿ, ಕೈತೊಳೆದುಕೊಂಡೇ ಅಂಗಳಕ್ಕೆ ಬರುತ್ತಿದ್ದ ಹೆಣ್ಣುಮಗಳು. ಅವಳದು ಮರಾಠಿ. ಗಡಿಯವರಾದ ನಮಗೆ ಅದು ಹೊಸದೇನಲ್ಲ. "ಕೋಟೆಯೊಳಗೆ ಬಾವಿ ಇದೆ ಅಕ್ಕಾ. ಸುತ್ತ ಉಪ್ಪು, ಒಳಗೆ ಸಕ್ಕರೆ. ನಮ್ಮಜ್ಜಿ ಕಾಲದಿಂದ ಬತ್ತಿದ್ದು ಕೇಳಿಲ್ಲ" ಎಂದಳು.

ಹೆಂಡತಿ ಕೆಲಸ ಬಿಟ್ಟು ಎದ್ದು ನಿಂತಳು. "ಸಮುದ್ರದ ನಡುವ ಸಿಹಿನೀರು? ಹಂಗಾದ್ರ ಗಂಗವ್ವ ಅಲ್ಲೇ ಅದಾಳ. ಅಳಿಯಂದ್ರಿಗೆ ಹೇಳ್ರಿ."

ಅಳಿಯ ಕೇಳಿಸಿಕೊಂಡಿದ್ದ. "ಮಾವಾರ, ಹಸಿ ಬಾಣಂತಿ, ಎಳೇ ಕೂಸು. ನಾವೆ ಅಲ್ಲಾಡ್ತದ, ಗಾಳಿ ಹೊಡೀತದ. ನನ್ನ ಕೈಲೆ ಆಗೂದಿಲ್ರಿ" ಎಂದು ಅಂಗಡಿಗೆ ಹೊರಟುಹೋದ. ತಪ್ಪು ಹೇಳಿದ ಎನ್ನಲಾರೆ. ಅವನ ಮುಖದಲ್ಲೂ ನಿದ್ದೆಯಿರಲಿಲ್ಲ.

ಇಬ್ಬರನ್ನೂ ಒಪ್ಪಿಸುವ ಉಪಾಯ ನನಗೆ ಮರುದಿನ ಬೆಳಿಗ್ಗೆ ದಂಡೆಯಲ್ಲಿ ಹೊಳೆಯಿತು. ನಿನ್ನೆ ರಸ್ತೆಯ ಹತ್ತಿರದವರೆಗೆ ಇದ್ದ ನೀರು ಇವತ್ತು ಬಹಳ ಕೆಳಗೆ ಸರಿದಿತ್ತು. ಹಸಿ ಮರಳು, ಅದರಾಚೆ ಬಂಡೆಗಳು ತಲೆಯೆತ್ತಿದ್ದವು. ನನ್ನ ತಾಯಿಯ ತವರು ಕರಜಗಿ. ಹುಡುಗನಿದ್ದಾಗ ಅಲ್ಲಿ ಭೀಮಾ ನದಿಗೆ ನೆರೆ ಬಂದಾಗ ಹಿರಿಯರು ಮಾಡುತ್ತಿದ್ದುದನ್ನು ನೋಡಿದ್ದೆ. ನೀರಿನ ಅಂಚಿಗೆ ಒಂದು ಗೂಟ ಬಡಿಯುತ್ತಿದ್ದರು. ನೀರು ಗೂಟ ಬಿಟ್ಟು ಕೆಳಗಿಳಿದರೆ ಹೊಳೆ ಇಳಿಯಿತು, ಎರಡು ದಿನ ತಡೆದರೆ ಹಾಯ್ದು ಹೋಗಬಹುದು ಎಂದು ಲೆಕ್ಕ. ನಾನೂ ಒಂದು ಗೂಟ ಹುಡುಕಿ, ಕಲ್ಲಿನಿಂದ ಬಡಿದು ನೋಡುತ್ತ ನಿಂತೆ. ನೀರು ಇನ್ನೂ ಇಳಿಯಿತು. ಓಡುತ್ತ ಮನೆಗೆ ಬಂದೆ.

"ಏ ಇಕಿನ, ನೀರು ಇಳ್ಯಾಕತ್ತದ! ನಾವೆ ಯಾಕ ಬೇಕು? ಎರಡು ದಿನ ತಡಿ, ಕೂಸಿನ್ನ ಹೆಗಲಮ್ಯಾಲ ಹಾಕ್ಕೊಂಡು ನಡಕೋತ ಹೋಗೂಣ."

ಹೆಂಡತಿಗೆ ಎಷ್ಟು ಖುಷಿಯಾಯಿತೆಂದರೆ ಅವಳು ಆಗಲೇ ಪೂಜೆಯ ಸಾಮಾನು ತೆಗೆದಿಟ್ಟಳು. ಸಂಜೆ ಮೀನುಗಾರ್ತಿಯನ್ನೂ ಕರೆದುಕೊಂಡು, ಗೂಟ ತೋರಿಸಲು ದಂಡೆಗೆ ಹೋದೆವು. ಗೂಟವಿಲ್ಲ. ಬಂಡೆಗಳಿಲ್ಲ. ಮರಳೂ ಇಲ್ಲ. ರಸ್ತೆಯ ಕಲ್ಲಿಗೆ ತೆರೆ ಬಡಿಯುತ್ತಿತ್ತು.

"ಮಳಿ ಎಲ್ಲಿ ಆತು?" ಎಂದು ಮುಗಿಲು ನೋಡಿದೆ.

ಮೀನುಗಾರ್ತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಬಲೆ ಒಣಗಿಸುತ್ತಿದ್ದ ಗಂಡಸರನ್ನೂ ಕೂಗಿ ಕರೆದು ಹೇಳಿ ನಕ್ಕಳು. "ದಾದಾ, ಇದು ನಿಮ್ಮ ನದಿಯಲ್ಲ. ದಿನಾ ಹೋಗುತ್ತದೆ, ದಿನಾ ಬರುತ್ತದೆ. ಎಷ್ಟು ಇಳಿದರೂ ಕೋಟೆಗೆ ನಾವೆಯೇ ಗತಿ."

"ಅಂದ್ರ ನಮ್ಮನಿಯವರಂಗ" ಎಂದಳು ಹೆಂಡತಿ. "ಸಿಟ್ಟಿಲೆ ಹೋಗ್ತಾರ, ಊಟದ ಹೊತ್ತಿಗೆ ತಿರುಗಿ ಬರ್ತಾರ." ನಕ್ಕಳು. ಆದರೆ ಮನೆಗೆ ಬಂದು ಸಾಮಾನನ್ನು ಒಂದೊಂದಾಗಿ ಗಂಟಿಗೆ ತಿರುಗಿ ಹಾಕಿದಳು.

ಮಗಳೂ ನೋಡುತ್ತಿದ್ದಳು. ಗಂಡ ಹೊರಗಿನ ಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದ. ಅವಳು ನನಗೆ ಹೇಳಿದಳು, ಆದರೆ ಕಟ್ಟೆಗೂ ಕೇಳುವಷ್ಟು ಗಟ್ಟಿಯಾಗಿ: "ಯಪ್ಪಾ, ನನಗ ಹೋಗಬೇಕನಸ್ತದ. ನಾವೆ ಅಲ್ಲಾಡಿದ್ರ ಅಲ್ಲಾಡ್ಲಿ. ಈ ಕತ್ತಲ ಕೋಣ್ಯಾಗ ಕುಂತು, ಕೂಸು ಅಳೂದು ಕೇಳಿ ಕೇಳಿ ನಾನೇ ಒಣಗೇನಿ. ಏನರೆ ಮಾಡೇನಿ ಅಂತ ಆದ್ರೂ ಆಗ್ಲಿ."

ಹೊರಗೆ ನೀರು ಸುರಿಯುವ ಸದ್ದು ನಿಂತಿತು. ಅಳಿಯ ಬಾಗಿಲಿಗೆ ಬಂದು, "ಮಾವಾರ, ನಾವೆಯವನಿಗೆ ಹೇಳಿ ಬರ್ತೇನ್ರಿ. ನಾಡಿದ್ದು ಮುಂಜಾನೆ ನೀರು ತುಂಬಿರ್ತದ, ಬಿಸಿಲೂ ಬಿದ್ದಿರ್ತದ" ಎಂದ.

ಆ ದಿನ ಸಮುದ್ರ ಎಣ್ಣೆ ಸವರಿದಂತೆ ಸುಮ್ಮನಿತ್ತು. ಮಗಳ ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿ, ಮೇಲೆ ಕೌದಿ ಹೊದಿಸಿ ಕೂರಿಸಿದ್ದರು. ಕೂಸು ನನ್ನ ತೊಡೆಯ ಮೇಲೆ. ನಾವೆ ದಂಡೆ ಬಿಟ್ಟ ಕೂಡಲೇ ನಾನು ಕಣ್ಣು ಮುಚ್ಚಿದೆ. ಈಜು ಬರುವವನು ನಾನು, ಆದರೆ ಬಾವಿಯ ಈಜು. ನಾಲ್ಕೂ ಕಡೆ ಗೋಡೆ ಇರಬೇಕು. ನಡುವೆ ಎಲ್ಲೋ ಒಂದು ತೆರೆ ನಾವೆಯನ್ನು ಪಕ್ಕಕ್ಕೆ ಎತ್ತಿ ಇಳಿಸಿತು. ಹೆಂಡತಿ ಚೀರಿದಳು. ಅದೂ ನನ್ನ ಕಡೆ ತಿರುಗಿ ಅಲ್ಲ, ಅಳಿಯನಿಗೇ ನೇರವಾಗಿ: "ಹಿಡ್ಕೋರಿ ಆಕೀನ! ನಿಂತು ಏನು ನೋಡ್ತೀರಿ?"

ಅಳಿಯ ತಟ್ಟನೆ ಕೂತು ತನ್ನ ಹೆಂಡತಿಯನ್ನು ಹಿಡಿದುಕೊಂಡ. "ಹಿಡ್ಕೊಂಡೇನ್ರಿ ಅತ್ತಿಯಾರ." ಇಬ್ಬರಿಗೂ ಆಮೇಲೆ ನಾಚಿಕೆಯಾಯಿತು. ನಾವೆಯವನು ಹಾಡು ಗುನುಗುತ್ತಿದ್ದ.

ಕೋಟೆ ಹತ್ತಿರ ಬಂದಂತೆ ಬಾಗಿಲನ್ನು ಹುಡುಕಿದೆ. ಬಾಗಿಲೇ ಇಲ್ಲ. ಬರೀ ಗೋಡೆ, ಉಬ್ಬಿದ ಬುರುಜು, ಮತ್ತೆ ಗೋಡೆ. ನಾವೆ ಎರಡು ಬುರುಜುಗಳ ಸಂದಿಗೆ ಮೂತಿ ತೂರಿಸಿದ ಮೇಲೆ, ಒಳಗೆ ತಿರುವಿನಲ್ಲಿ ಬಾಗಿಲು ಕಂಡಿತು. ಹೊರಗಿನಿಂದ ಬರುವ ಹಗೆಗೆ ಕಾಣಬಾರದು, ಕಂಡರೂ ಅಲ್ಲಿ ಗುಂಪಾಗಿ ನಿಲ್ಲಲು ಜಾಗವಿರಬಾರದು, ಹಾಗೆ ಕಟ್ಟಿದ್ದಾರೆ. ನಮ್ಮೂರ ಕಾವಲು ಬುರುಜು ಹುಡೇವನ್ನೇ ದೊಡ್ಡದೆಂದುಕೊಂಡವನು ನಾನು. ಅಂಥವು ಇಲ್ಲಿಯ ಒಂದು ಮೂಲೆಯಲ್ಲಿ ಅಡಗಿಹೋಗುತ್ತವೆ.

ಒಳಗೆ ತೆಂಗಿನ ಮರಗಳು, ಒಂದು ಗುಡಿ, ಕೆಲವು ಹಂಚಿನ ಮನೆಗಳು. ರಾಜರ ಕಾಲದಲ್ಲಿ ಕಾವಲಿಗಿದ್ದವರ ಮನೆತನದವರು ಈಗಲೂ ಅಲ್ಲೇ ಇದ್ದರು. ಅವರಲ್ಲಿ ಮುದುಕನೊಬ್ಬ ನಮ್ಮನ್ನು ಕಂಡು ಖುಷಿಯಿಂದ ಮುಂದೆ ಬಂದ. ತುಕ್ಕು ಹಿಡಿದ ತೋಪು ತೋರಿಸಿದ. ಗೋಡೆಯ ಬುಡಕ್ಕೆ ಸೀಸ ಕರಗಿಸಿ ಹೊಯ್ದಿದ್ದಾರೆಂದ. ಗುಂಡು ಹೊಡೆಯುವ ಕಿಂಡಿಗಳಲ್ಲಿ ನನ್ನ ತಲೆ ಬಾಗಿಸಿ ಸಮುದ್ರ ತೋರಿಸಿದ. "ಇಲ್ಲಿಂದ ನಾವು ಅವರನ್ನು ನೋಡಬಹುದು, ಅವರು ನಮ್ಮನ್ನು ನೋಡಲಾರರು."

ಬೇರೆ ದಿನವಾಗಿದ್ದರೆ ನಾನು ಅವನ ಬೆನ್ನು ಬಿಡುತ್ತಿರಲಿಲ್ಲ. ಅವತ್ತು ಕೂಸು ಮುಲುಗತೊಡಗಿತ್ತು. ಹೆಂಡತಿ, "ಯಜ್ಜಾ, ತೋಪು ಆಮ್ಯಾಲ. ಬಾವಿ ಎಲ್ಲದ?" ಎಂದಳು.

ಮುದುಕ ಬೇಸರ ಮಾಡಿಕೊಳ್ಳಲಿಲ್ಲ. "ಸರಿಯಾಗಿ ಕೇಳಿದಿ ಮಗಳೇ. ಕಟ್ಟಿದವರೂ ಮೊದಲು ಅದನ್ನೇ ಕೇಳಿದ್ದರು. ನೀರು ಸಿಕ್ಕ ಮೇಲೆ ಗೋಡೆ ಕಟ್ಟಿದರು. ತೋಪಿನ ಮದ್ದು ಮುಗಿದರೆ ಕಲ್ಲು ಎಸೆಯಬಹುದು. ನೀರು ಮುಗಿದರೆ ಬಾಗಿಲು ತೆರೆಯಲೇಬೇಕಲ್ಲ?"

ಕಲ್ಲು ಕಟ್ಟಿದ ಬಾವಿ, ಸುತ್ತ ಪಾವಟಿಗೆ. ಬಗ್ಗಿ ನೋಡಿದರೆ ತಳದಲ್ಲಿ ಮುಗಿಲಿನ ಒಂದು ತುಂಡು. ಗೋಡೆಯಾಚೆ ತೆರೆ ಧಡ್ ಧಡ್ ಎಂದು ಬಡಿಯುವುದು ಅಲ್ಲಿಯೂ ಕೇಳುತ್ತಿತ್ತು. ಮುದುಕ ಒಂದು ಕೊಡ ಸೇದಿ ತಂಬಿಗೆ ತುಂಬಿ ಕೊಟ್ಟ. ಹೆಂಡತಿ ಅದನ್ನು ನನ್ನ ಕೈಗೆ ದಾಟಿಸಿದಳು.

"ಮೊದಲು ನೀವು ಕುಡೀರಿ. ಸವಳಿದ್ರ ಸವಳದ ಅನ್ರಿ. ನನಗ ಕೆಟ್ಟನಸ್ತದ ಅಂತ ಸುಳ್ಳು ಹೇಳಬ್ಯಾಡ್ರಿ."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಮಗಳು ಕೌದಿಯೊಳಗಿಂದ ನೋಡುತ್ತಿದ್ದಳು. ಕುಡಿದೆ. ತಣ್ಣಗಿತ್ತು. ನಾಲಿಗೆಯ ತುದಿಯಲ್ಲಿ, ಅಂಚಿನಲ್ಲಿ, ಗಂಟಲಲ್ಲಿ ಉಪ್ಪನ್ನು ಹುಡುಕಿದೆ. ಇರಲಿಲ್ಲ. ಏನಾದರೂ ಹೇಳುವ ಮೊದಲೇ ತಂಬಿಗೆ ಬರಿದಾಗಿತ್ತು.

"ಹೇಳ್ರೆಪ್ಪಾ!"

"ಇನ್ನೊಂದು ತಂಬಿಗಿ ಕೊಡು, ಹೇಳ್ತೇನಿ" ಎಂದೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಐದು ಮುತ್ತೈದೆಯರನ್ನು ಎಲ್ಲಿಂದ ತರುವುದು ಎಂಬ ಚಿಂತೆ ಇತ್ತು. ಮುದುಕ ಮನೆಗಳ ಕಡೆ ತಿರುಗಿ ಒಂದು ಕೂಗು ಹಾಕಿದ. ಹೆಂಗಸರು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದರು. ನಮ್ಮ ಪೂಜೆ ಅವರಿಗೆ ಗೊತ್ತಿರಲಿಲ್ಲ, ಆದರೆ ಬಾಣಂತಿ, ಬಾವಿ, ಅರಿಸಿನ ಕಂಡ ಮೇಲೆ ಯಾರೂ ಏನೂ ಕೇಳಲಿಲ್ಲ. ಹೆಂಡತಿ ಐದು ಹರಳುಗಲ್ಲು ತೊಳೆದು ಸಾಲಾಗಿ ಇಟ್ಟು, ಗಂಗವ್ವ ಎಂದು ಕುಂಕುಮ ಹಚ್ಚಿದಳು. ಸರಸಂಬಾದ ಜೋಳ, ಕೊಬ್ಬರಿ ಬಟ್ಟಲು ಕೊಂಕಣದ ಹೆಂಗಸರ ಉಡಿಗೆ ಬಿದ್ದವು. ಅವರಲ್ಲೊಬ್ಬಳು ಜೋಳದ ಕಾಳನ್ನು ಬೆರಳಲ್ಲಿ ಹಿಡಿದು, "ಇದೇ ತಿಂದು ನೀವು ಇಷ್ಟು ಗಟ್ಟಿ ಮಾತಾಡುವುದೇ?" ಎಂದು ಕೇಳಿದಾಗ ನನ್ನ ಹೆಂಡತಿ ಇನ್ನೂ ಗಟ್ಟಿಯಾಗಿ ನಕ್ಕಳು.

ಆಮೇಲೆ ಮಗಳು ಎದ್ದಳು. ಹಗ್ಗ ಹಿಡಿದಳು. ಅಳಿಯ ಸಹಾಯಕ್ಕೆ ಕೈ ಚಾಚಿದ. ಅವಳು ಬೇಡವೆಂದು ತಲೆಯಾಡಿಸಿದಳು. ಕೊಡ ಕೆಳಗೆ ನೀರು ಮುಟ್ಟಿದ ಸದ್ದು ಬಂತು. ಮೆಲ್ಲಗೆ, ನಿಂತು ನಿಂತು ಎಳೆದಳು. ತುಂಬಿದ ಕೊಡ ದಡಕ್ಕೆ ಬಂದಾಗ ಅವಳ ಹಣೆಯ ಮೇಲೆ ಬೆವರಿತ್ತು. ಬಾಡಿದ ಮುಖದಲ್ಲಿ, ನಮ್ಮ ಹೊಲದ ಬಾವಿಯಲ್ಲಿ ಮೊದಲ ಸಲ ಕೊಡ ಎತ್ತಿದಾಗ ಇದ್ದ ಜಂಬವೂ ಇತ್ತು.

ಕೂಸು ಆಗ ದೊಡ್ಡ ದನಿಯಲ್ಲಿ ಅಳತೊಡಗಿತು. ಅಳಿಯ ಗಡಿಬಿಡಿಯಿಂದ ಆಕಳ ಹಾಲಿನ ಗಿಂಡಿ ತೆಗೆದ. "ಇರಲಿ ಬಿಡ್ರಿ, ನಾ ನೋಡ್ತೇನಿ" ಎಂದು ಮಗಳು ಕೂಸನ್ನೆತ್ತಿಕೊಂಡು ಗೋಡೆಯ ಬುಡದ ನೆರಳಿಗೆ ಹೋಗಿ ಕೂತಳು. ಹೆಂಗಸರೆಲ್ಲ ಸುತ್ತ ಕೂತು ಮರೆ ಮಾಡಿದರು. ನಾವು ಗಂಡಸರು ಪಾವಟಿಗೆ ಹತ್ತಿ ಗೋಡೆಯ ಮೇಲೆ ಹೋಗಿ, ಅವರಿಗೆ ಬೆನ್ನು ಮಾಡಿ, ಸಮುದ್ರ ನೋಡುತ್ತ ನಿಂತೆವು.

ಅಳು ಕೇಳುತ್ತಿತ್ತು. ನಿಂತಿತು. ಮತ್ತೆ ಬಂತು, ಸಿಟ್ಟಿನದು. ಅಳಿಯ ಗೋಡೆಯ ಕಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದ. ಮುದುಕ ತೋಪಿನ ಮಾತು ತೆಗೆಯಲು ಬಾಯಿ ತೆರೆದು, ನಮ್ಮಿಬ್ಬರ ಮುಖ ನೋಡಿ ಮುಚ್ಚಿದ. ಮತ್ತೆ ಅಳು ನಿಂತಿತು. ಈ ಸಲ ತಿರುಗಿ ಬರಲಿಲ್ಲ. ನಾನು ಕಾಯುತ್ತಲೇ ಇದ್ದೆ. ತೆರೆ ಬಡಿದು ಹಿಂದೆ ಸರಿಯುವಾಗ ಒಂದು ಕ್ಷಣ ಎಲ್ಲ ಸುಮ್ಮನಾಗುತ್ತದೆ. ಅಂಥ ಒಂದು ಕ್ಷಣದಲ್ಲಿ ಕೆಳಗಿನಿಂದ ಕೇಳಿತು: ಗುಟುಕ್, ಗುಟುಕ್. ಸಣ್ಣ ಕರು ಕುಡಿಯುವ ಹಾಗೆ.

ಅದು ಬಾವಿಯ ಗುಣವೋ, ಬಂದ ದಿನದಿಂದ ಹೆಂಡತಿ ಉಣಿಸುತ್ತಿದ್ದ ಅಳವಿ ಪಾಯಸದ ಗುಣವೋ, ಕತ್ತಲ ಕೋಣೆ ಬಿಟ್ಟು ಬಿಸಿಲಿಗೆ ಬಂದು ತನ್ನ ಕೈಯಿಂದ ನೀರೆತ್ತಿದ ಮಗಳ ಗುಣವೋ, ನಾನು ಹೇಳಲಾರೆ. ಹಾಲು ಆ ದಿನವೇ ಹೊಳೆಯಾಗಿ ಹರಿಯಿತು ಎಂದರೂ ಸುಳ್ಳಾಗುತ್ತದೆ. ಆಮೇಲೂ ಕೆಲವು ದಿನ ಬತ್ತಿ ಬೇಕಾಯಿತು. ಆದರೆ ಅವತ್ತು, ಆ ಗೋಡೆಯ ನೆರಳಿನಲ್ಲಿ, ನನ್ನ ಮೊಮ್ಮಗಳು ತಾಯಿಯ ಎದೆಯಲ್ಲಿ ಹೊಟ್ಟೆ ತುಂಬ ಕುಡಿದಳು.

ಬಾಗಿಲ ಕಡೆಯಿಂದ ನಾವೆಯವನು ಕೂಗು ಹಾಕಿದ, ಹೊತ್ತಾಯಿತು ಬನ್ನಿ ಎಂದು. ಅಳಿಯ ಇಳಿಯಲು ಹೊರಟ. ಮುದುಕ ಅವನ ರೆಟ್ಟೆ ಹಿಡಿದು ನಿಲ್ಲಿಸಿ, ಬುರುಜಿನ ಅಂಚಿಗೆ ಹೋಗಿ, ಹಗೆಯ ಹಡಗಿಗೆ ಕೂಗುವವನಂತೆ ಎದೆಯುಬ್ಬಿಸಿ ಕೆಳಗೆ ಕೂಗಿದ:

"ತಡೆಯೋ! ಒಳಗೆ ಒಬ್ಬರು ಊಟಕ್ಕೆ ಕೂತಿದ್ದಾರೆ!"